6 ಕೋರ್‌ನಿಂದ 12 ಕೋರ್‌ಗೆ ಹೋದರೂ ಎಫ್‌ಪಿಎಸ್ ಏರುತ್ತಿಲ್ಲ

ಪ್ರಶ್ನೆ:
ರೈಜನ್ 5 5600ಎಕ್ಸ್ ಪ್ರೊಸೆಸರ್ (6 ಕೋರ್) ತೆಗೆದು ರೈಜನ್ 9 5900ಎಕ್ಸ್ (12 ಕೋರ್) ಕೂರಿಸಿದ್ದು. ಬೋರ್ಡ್ ಬಿ550, ರ‍್ಯಾಮ್ ಡಿಡಿಆರ್4-3600 (8 ಜಿಬಿ ಎರಡು), ಗ್ರಾಫಿಕ್ಸ್ ಕಾರ್ಡ್ (ಜಿಪಿಯು) ಆರ್‌ಟಿಎಕ್ಸ್ 3070. ಬಯೋಸ್ (ಬೋರ್ಡ್‌ನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಆಗಿದೆ. ಆಡೋ ಗೇಮ್ ಕೌಂಟರ್-ಸ್ಟ್ರೈಕ್ 2, ರೆಸಲ್ಯೂಶನ್ 1080ಪಿ. ಎಫ್‌ಪಿಎಸ್ (ಸೆಕೆಂಡಿಗೆ ಬರೋ ಫ್ರೇಮ್) ಏರೋದಿರಲಿ, ಮೊದಲಿಗಿಂತ ಕಡಿಮೆಯೇ ಬರ್ತಿದೆ, ನಡುನಡುವೆ ತಡವರಿಸುತ್ತೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು 20% ದಾಟಲ್ಲ. ಸುಮ್ಮನೆ ಕೂತಿರೋ ಕೋರ್‌ಗಳನ್ನ ಕೆಲಸಕ್ಕೆ ಹಚ್ಚೋದು ಹೇಗೆ?

ಉತ್ತರ 1:
ಆ 20% ನಂಬಬೇಡಿ. 5900ಎಕ್ಸ್‌ನಲ್ಲಿ 24 ಥ್ರೆಡ್ (ಒಟ್ಟಿಗೆ ಓಡಬಲ್ಲ ಕೆಲಸದ ಸಾಲು, ಕೋರ್‌ಗೆ ಎರಡು) ಇವೆ. ಒಂದು ಥ್ರೆಡ್ ಏದುಸಿರು ಬಿಡ್ತಾ ಓಡಿದರೂ ಒಟ್ಟು ಲೆಕ್ಕದಲ್ಲಿ ಕಾಣೋದು ಸುಮಾರು 4.2%. ಗೇಮ್‌ನ ಮೇನ್ ಥ್ರೆಡ್ ಮಾಡುವ ಕೆಲಸದಲ್ಲಿ ಬಹುಪಾಲು ಒಂದರ ಹಿಂದೆ ಒಂದು ಆಗಬೇಕಾದದ್ದು. ಕಾವಲಿ ಒಂದೇ ಇರುವಾಗ ದೋಸೆ ಹಾಕೋಕೆ 12 ಜನ ನಿಂತರೇನು ಬಂತು?

ಒಂದು ಫ್ರೇಮ್‌ನ ಕೆಲಸದಲ್ಲಿ 60% ಹಂಚಿಕೊಳ್ಳಬಹುದು ಅಂತಿಟ್ಟುಕೊಳ್ಳಿ. ಆಮ್ಡಾಲ್ ಸೂತ್ರಕ್ಕೆ (ಕೋರ್ ಹೆಚ್ಚಿಸಿದರೆ ವೇಗ ಎಷ್ಟು ಏರುತ್ತೆ ಅನ್ನೋ ಲೆಕ್ಕ) ಹಾಕಿದರೆ, ಒಂದು ಕೋರ್‌ಗೆ ಹೋಲಿಸಿ 6 ಕೋರ್ 2 ಪಟ್ಟು ವೇಗ, 12 ಕೋರ್ 2.22 ಪಟ್ಟು. ಕೋರ್ ಇಮ್ಮಡಿಯಾಗಿದ್ದಕ್ಕೆ ಸಿಕ್ಕಿದ್ದು 11%.

ಆದರೆ ಎಫ್‌ಪಿಎಸ್ ಇಳಿದಿದೆ ಅಂದರೆ ಬೇರೇನೋ ಇದೆ. ವಿ-ಸಿಂಕ್ (ಎಫ್‌ಪಿಎಸ್ ಅನ್ನು ಮಾನಿಟರ್ ವೇಗಕ್ಕೆ ಕಟ್ಟುವ ಸೆಟ್ಟಿಂಗ್), ಎಫ್‌ಪಿಎಸ್ ಮಿತಿ ಎರಡೂ ತೆಗೆದು 720ಪಿಗೆ ಇಳಿಸಿ. ಎಫ್‌ಪಿಎಸ್ ಜಿಗಿದರೆ ತಡೆ ಜಿಪಿಯುದು; ಇದ್ದಲ್ಲೇ ಇದ್ದರೆ ಸಿಪಿಯು ಇಲ್ಲವೇ ರ‍್ಯಾಮ್‌ದು. ಸಿಪಿಯು-ಝಡ್ ಅನ್ನೋ ಆ್ಯಪ್‌ನ ಮೆಮೊರಿ ಟ್ಯಾಬ್‌ನಲ್ಲಿ ಡಿರ‍್ಯಾಮ್ ಫ್ರೀಕ್ವೆನ್ಸಿ ಎಷ್ಟಿದೆ ಅಂತಲೂ ಹೇಳಿ.

ಪ್ರಶ್ನೆ ಕೇಳಿದವರು:
720ಪಿಯಲ್ಲೂ ಅಷ್ಟೇ ಬರ್ತಿದೆ. ಜಿಪಿಯು ಬಳಕೆ 60% ಆಸುಪಾಸು. ಡಿರ‍್ಯಾಮ್ ಫ್ರೀಕ್ವೆನ್ಸಿ 1066.

ಉತ್ತರ 1:
ಸಿಕ್ಕಿತು. ಡಿಡಿಆರ್ (ಗಡಿಯಾರದ ಪ್ರತಿ ಬಡಿತಕ್ಕೆ ಎರಡು ಸಲ ಡೇಟಾ) ಆದ್ದರಿಂದ 1066ನ್ನು ಎರಡರಿಂದ ಗುಣಿಸಿ: ರ‍್ಯಾಮ್ 2133ರಲ್ಲಿ ಓಡ್ತಿದೆ. ಬಯೋಸ್ ಅಪ್‌ಡೇಟ್ ಮಾಡಿದಾಗ ಸೆಟ್ಟಿಂಗ್ ಅಳಿಸಿ ಎಕ್ಸ್‌ಎಂಪಿ (ರ‍್ಯಾಮ್ ಪೂರ್ತಿ ವೇಗದಲ್ಲಿ ಓಡಿಸುವ ಪ್ರೊಫೈಲ್) ಆಫ್ ಆಗಿದೆ.

ನಿಮ್ಮ ಚಿಪ್‌ಗೆ ಇದು ಎರಡು ಕಡೆಯಿಂದ ಪೆಟ್ಟು. 5600ಎಕ್ಸ್‌ನ 6 ಕೋರ್ ಒಂದೇ ಸಿಸಿಡಿಯಲ್ಲಿದ್ದು (ಕೋರ್‌ಗಳಿರುವ ಚಿಪ್ ತುಂಡು) 32 ಎಂಬಿ ಎಲ್3 (ಚಿಪ್ ಒಳಗಿನ ವೇಗದ ಮೆಮೊರಿ) ಹಂಚಿಕೊಳ್ತಿದ್ದವು. 5900ಎಕ್ಸ್‌ನಲ್ಲಿ 64 ಎಂಬಿ ಅಂತ ಬರೆದಿದ್ದರೂ ಅದು 32+32. ಒಂದು ಸಿಸಿಡಿಯ ಕೋರ್ ಇನ್ನೊಂದರ ಡೇಟಾ ಕೇಳಿದರೆ ಇನ್ಫಿನಿಟಿ ಫ್ಯಾಬ್ರಿಕ್ (ತುಂಡುಗಳ ನಡುವಿನ ಸಂಪರ್ಕ) ಹಾದು ಐಒ ಡೈ (ರ‍್ಯಾಮ್ ಜೊತೆ ಮಾತಾಡುವ ತುಂಡು) ಸುತ್ತಿ ಬರಬೇಕು. ಆಟೋದಲ್ಲಿ ಫ್ಯಾಬ್ರಿಕ್ ವೇಗ ರ‍್ಯಾಮ್ ಗಡಿಯಾರಕ್ಕೇ ಕಟ್ಟಿರುತ್ತೆ. 1800 ಇರಬೇಕಾದದ್ದು 1066ಕ್ಕೆ ಬಿದ್ದಿದೆ, ಹಾಗಾಗಿ ಆ ದಾರಿಯೂ ನಿಧಾನ.

ಬಯೋಸ್‌ನಲ್ಲಿ ಎಕ್ಸ್‌ಎಂಪಿ (ಕೆಲವು ಬೋರ್ಡ್‌ಗಳಲ್ಲಿ ಡಿಒಸಿಪಿ) ಆನ್ ಮಾಡಿ. ಸ್ಟಿಕ್‌ಗಳು ಎ2, ಬಿ2 ಸ್ಲಾಟ್‌ನಲ್ಲಿರಲಿ, ಅಂದರೆ ಪ್ರೊಸೆಸರ್ ಕಡೆಯಿಂದ ಎರಡನೆಯದು, ನಾಲ್ಕನೆಯದು. ಸಿಪಿಯು-ಝಡ್ 1800 ತೋರಿಸಬೇಕು. 3600ಕ್ಕೆ ಬೂಟ್ ಆಗದೆ ಹಟ ಹಿಡಿದರೆ 3200 ಸಾಕು.

ಆಮೇಲೂ ತಡವರಿಸಿದರೆ ಟಾಸ್ಕ್ ಮ್ಯಾನೇಜರ್ > ಡೀಟೇಲ್ಸ್ > ಗೇಮ್ ಮೇಲೆ ರೈಟ್ ಕ್ಲಿಕ್ > ಸೆಟ್ ಅಫಿನಿಟಿಗೆ ಹೋಗಿ ಸಿಪಿಯು 0ರಿಂದ 11 ಮಾತ್ರ ಉಳಿಸಿ. ಎಸ್‌ಎಂಟಿ (ಕೋರ್‌ಗೆ ಎರಡು ಥ್ರೆಡ್ ಕೊಡುವ ಸೆಟ್ಟಿಂಗ್) ಆನ್ ಇದ್ದಾಗ ಅದು ಮೊದಲ ಸಿಸಿಡಿ. ಗೇಮ್ ಮುಚ್ಚಿದರೆ ಅಳಿಸಿಹೋಗುತ್ತೆ, ಪ್ರತಿ ಸಲ ಮಾಡಬೇಕು. ಆಂಟಿ-ಚೀಟ್ ಇರುವ ಕೆಲವು ಗೇಮ್‌ಗಳು ಇದಕ್ಕೆ ಬಿಡೋದೂ ಇಲ್ಲ.

ಬರೀ ಗೇಮ್‌ಗೇ ಆಗಿದ್ದರೆ 8 ಕೋರ್‌ನ 5800ಎಕ್ಸ್3ಡಿ ತಗೋಬೇಕಿತ್ತು: ಒಂದೇ ಸಿಸಿಡಿ, 96 ಎಂಬಿ ಎಲ್3. ವಿಡಿಯೋ ಎನ್‌ಕೋಡ್, ಬ್ಲೆಂಡರ್ ಇದ್ದರೆ 12 ಕೋರ್ ದಂಡವಲ್ಲ.

ಉತ್ತರ 2:
ಕೂಲರ್ ಯಾವುದು ಅಂತ ಯಾರೂ ಕೇಳಿಲ್ಲವಲ್ಲ! 5900ಎಕ್ಸ್ ಡಬ್ಬಿಯಲ್ಲಿ ಕೂಲರ್ ಬರಲ್ಲ. 5600ಎಕ್ಸ್ ಜೊತೆ ಬಂದ ರೈತ್ ಸ್ಟೆಲ್ತ್ 65 ವ್ಯಾಟ್ ಚಿಪ್‌ಗೆ ಕೊಟ್ಟದ್ದು, ಇದು 142 ವ್ಯಾಟ್‌ವರೆಗೂ ಎಳೆಯುತ್ತೆ. ಎಚ್‌ಡಬ್ಲ್ಯೂಇನ್ಫೋ ಆ್ಯಪ್‌ನಲ್ಲಿ ತಾಪ 90 ಡಿಗ್ರಿ ಮುಟ್ಟುತ್ತಿದ್ದರೆ ಬೂಸ್ಟ್ ಇಳಿಯುತ್ತೆ. ಹಾಗಿದ್ದರೆ ಮೊದಲು ಕೂಲರ್ ಬದಲಾಯಿಸಿ.