ಯಂತ್ರದ ನಿರ್ಧಾರವನ್ನು ಪ್ರಶ್ನಿಸಲು ಹಳೆಯ ಹಕ್ಕುಗಳೇ ಸಾಕೇ?

ಪ್ರಶ್ನೆ:
1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 12ನೇ ವಿಧಿಯು ಯಾರದೇ ಖಾಸಗಿ ಬದುಕು, ಕುಟುಂಬ, ಮನೆ ಅಥವಾ ಪತ್ರವ್ಯವಹಾರದಲ್ಲಿ ಮನಬಂದಂತೆ ಕೈಹಾಕುವುದನ್ನು ನಿಷೇಧಿಸುತ್ತದೆ. ಅಂದು ಬಾಗಿಲು ಬಡಿಯುವ ಅಧಿಕಾರಿ ಕಣ್ಣಿಗಾದರೂ ಕಾಣುತ್ತಿದ್ದ. ಇಂದು ನಮಗೆ ಸಾಲ ಕೊಡಬಹುದೇ, ನಮ್ಮ ಅರ್ಜಿಯನ್ನು ಶಂಕಿಸಬೇಕೇ ಎಂಬುದನ್ನು ಎಲ್ಲೋ ಕುಳಿತ ತಂತ್ರಾಂಶ ತೀರ್ಮಾನಿಸುತ್ತಿದೆ. ಇದಕ್ಕೆ ಹೊಸ ಹಕ್ಕುಗಳನ್ನೇ ಬರೆಯಬೇಕೇ?

ಉತ್ತರ 1:
ಹಕ್ಕುಗಳ ಪಟ್ಟಿಯನ್ನು ಉದ್ದ ಮಾಡುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ ಎಂಬುದು ನನ್ನ ಅಭಿಪ್ರಾಯ. ಹೊರಗಿನ ಬದುಕಿನಲ್ಲಿರುವ ಹಕ್ಕುಗಳಿಗೆ ಅಂತರ್ಜಾಲದಲ್ಲೂ ರಕ್ಷಣೆ ಇರಬೇಕೆಂದು ವಿಶ್ವಸಂಸ್ಥೆಯ ಮಹಾಸಭೆ 2013ರಲ್ಲೇ ನಿರ್ಣಯಿಸಿದೆ. ನೆದರ್ಲೆಂಡ್ಸ್‌ನಲ್ಲಿ ಹಲವು ಇಲಾಖೆಗಳ ದತ್ತಾಂಶವನ್ನು ಒಟ್ಟುಗೂಡಿಸಿ, ಸರ್ಕಾರಿ ನೆರವಿನಲ್ಲಿ ಯಾರು ವಂಚಿಸಬಹುದೆಂದು ಊಹಿಸುತ್ತಿದ್ದ ವ್ಯವಸ್ಥೆಯೊಂದಿತ್ತು. ಅದಕ್ಕೆ ಆಧಾರವಾಗಿದ್ದ ಕಾನೂನನ್ನು ಹೇಗ್ ನಗರದ ಜಿಲ್ಲಾ ನ್ಯಾಯಾಲಯ 2020ರ ಫೆಬ್ರವರಿಯಲ್ಲಿ ಅಸಿಂಧುವೆಂದಿತು. ಆಗ ನೆರವಿಗೆ ಬಂದದ್ದು ಖಾಸಗಿ ಬದುಕನ್ನು ಕಾಯುವ, 1950ರ ಐರೋಪ್ಯ ಮಾನವ ಹಕ್ಕುಗಳ ಒಡಂಬಡಿಕೆಯ 8ನೇ ವಿಧಿ.

ಉತ್ತರ 2:
ತೀರ್ಪು ಸರಿಯೇ. ಆದರೆ ನ್ಯಾಯಾಲಯದ ಮೆಟ್ಟಿಲೇರಲು ತನಗೆ ಅನ್ಯಾಯವಾದದ್ದು ಹೇಗೆಂಬುದಾದರೂ ಗೊತ್ತಿರಬೇಕಲ್ಲವೇ? ಅದೇ ದೇಶದ ಶಿಶುಪಾಲನಾ ಭತ್ಯೆಯ ಪ್ರಕರಣವನ್ನು ನೋಡಿ. ತೆರಿಗೆ ಇಲಾಖೆಯು ಸಾವಿರಾರು ಪೋಷಕರನ್ನು ವಂಚಕರೆಂದು ತಪ್ಪಾಗಿ ಬಗೆದು, ಕೆಲವರ ವಿಷಯದಲ್ಲಿ ಒಂದು ಸಹಿ ಬಿಟ್ಟುಹೋದ ಕಾರಣಕ್ಕೇ ಪಡೆದ ಭತ್ಯೆಯನ್ನೆಲ್ಲ ಮರಳಿಸುವಂತೆ ಆದೇಶಿಸಿತು. ಅರ್ಜಿಗಳಿಗೆ ಅಪಾಯದ ಅಂಕ ಕೊಡುತ್ತಿದ್ದ ತಂತ್ರಾಂಶವು ಅರ್ಜಿದಾರರು ಡಚ್ ಪೌರರೇ ಅಲ್ಲವೇ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತಿತ್ತು. ಅದನ್ನು ಅರಿಯುವ ದಾರಿ ಪೋಷಕರಿಗಿರಲಿಲ್ಲ. 2021ರ ಜನವರಿಯಲ್ಲಿ ಸರ್ಕಾರವೇ ರಾಜೀನಾಮೆ ಕೊಟ್ಟಿತು, ನಿಜ. ಅಷ್ಟರೊಳಗೆ ಸಾಲದಲ್ಲಿ ಮುಳುಗಿ ಮನೆ ಕಳೆದುಕೊಂಡ ಕುಟುಂಬಗಳೂ ಇದ್ದವು. ಕಾರಣ ಕೇಳಿ ತಿಳಿಯುವ ಹಕ್ಕು ಮತ್ತು ಮನುಷ್ಯರೊಬ್ಬರ ಮುಂದೆ ಮೇಲ್ಮನವಿ ಸಲ್ಲಿಸುವ ಹಕ್ಕು, ಇವೆರಡನ್ನು ಸ್ಪಷ್ಟವಾಗಿ ಬರೆದಿಡಲೇಬೇಕು.

ಪ್ರಶ್ನೆ ಕೇಳಿದವರು:
ಅಧಿಕಾರಿಯೊಬ್ಬರು ಪರದೆಯ ಮೇಲಿನ ಅಂಕ ನೋಡಿ ಕಣ್ಣುಮುಚ್ಚಿ ಗುಂಡಿ ಒತ್ತಿದರೂ, ನಿರ್ಧರಿಸಿದ್ದು ಮನುಷ್ಯರೇ ಎಂದು ಸಂಸ್ಥೆ ನುಣುಚಿಕೊಳ್ಳಬಹುದಲ್ಲವೇ?

ಉತ್ತರ 2:
ಅಂತಹ ಯತ್ನ ನಡೆದೇ ಇದೆ. 2018ರ ಮೇ ತಿಂಗಳಿಂದ ಅನ್ವಯವಾಗುತ್ತಿರುವ ಐರೋಪ್ಯ ಒಕ್ಕೂಟದ ದತ್ತಾಂಶ ರಕ್ಷಣಾ ನಿಯಮದ 22ನೇ ವಿಧಿಯು, ಕೇವಲ ಯಂತ್ರವೇ ಕೈಗೊಂಡ ಗಂಭೀರ ಪರಿಣಾಮದ ನಿರ್ಧಾರಗಳಿಗೆ ಒಳಪಡದಿರುವ ಹಕ್ಕನ್ನು ಕೆಲವು ವಿನಾಯಿತಿಗಳೊಂದಿಗೆ ಕೊಡುತ್ತದೆ. ಜರ್ಮನಿಯಲ್ಲಿ ಸಾಲದ ಅರ್ಹತೆಗೆ ಅಂಕ ನೀಡುವ ಸಂಸ್ಥೆಯೊಂದು, ತಾನು ಅಂಕವನ್ನಷ್ಟೇ ಕೊಡುವುದಾಗಿಯೂ ನಿರ್ಧಾರ ಬ್ಯಾಂಕಿನದೆಂದೂ ವಾದಿಸಿತ್ತು. ಬ್ಯಾಂಕು ಮುಖ್ಯವಾಗಿ ಆ ಅಂಕವನ್ನೇ ನೆಚ್ಚಿದ್ದರೆ ಅಂಕ ಕೊಡುವುದೂ ನಿರ್ಧಾರವೇ ಎಂದು ಒಕ್ಕೂಟದ ನ್ಯಾಯಾಲಯ 2023ರ ಡಿಸೆಂಬರ್‌ನಲ್ಲಿ ಹೇಳಿತು. ನನ್ನ ಮಟ್ಟಿಗೆ ಇದು ದೊಡ್ಡ ತೀರ್ಪು.

ಉತ್ತರ 3:
ಇಷ್ಟು ಹೊತ್ತು ನಡೆದದ್ದು ಅರ್ಜಿ ಸಲ್ಲಿಸಲು ಸಾಧ್ಯವಾದವರ ಮಾತು. ದುಡಿದು ಬೆರಳಚ್ಚು ಸವೆದವರನ್ನು ಯಂತ್ರ ಗುರುತಿಸುವುದೇ ಇಲ್ಲ. ದೃಷ್ಟಿ ಇಲ್ಲದವರಿಗೆ ಓದಿಹೇಳುವ ತಂತ್ರಾಂಶ ಎಷ್ಟೋ ಜಾಲತಾಣಗಳಲ್ಲಿ ಕೆಲಸ ಮಾಡುವುದಿಲ್ಲ. ಇಂತಹವರನ್ನು ಎದುರು ಕೂರಿಸಿಕೊಂಡು ಅರ್ಜಿ ತುಂಬಿಕೊಡುವ ಕೌಂಟರ್ ಇರಲೇಬೇಕೆಂದು ಕಾನೂನು ಕಡ್ಡಾಯ ಮಾಡಬೇಕು, ಏಕೆಂದರೆ ಉಳಿತಾಯದ ಹೆಸರಿನಲ್ಲಿ ಮೊದಲು ಮುಚ್ಚುವುದು ಅದನ್ನೇ.