ಹಾಥಾರ್ನ್ ಹೂ ಮನೆಯೊಳಗೆ ತರಬಾರದಾ?

ಪಕ್ಕದ ಮನೆ ಅಜ್ಜಿ ನಿಮ್ಮ ಮಗಳ ಕೈಯಿಂದ ಹೂ ಕಿತ್ತುಕೊಂಡು ಬೇಲಿಯಾಚೆ ಎಸೆದರು, ನಾವು ಹೊರಗಿನವರು ಅಂತಾನಾ ಅಂತ ಕೇಳಿದ್ದೀರಿ. ಅದಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಐರ್ಲೆಂಡಿನಲ್ಲಿ ಮೇ ತಿಂಗಳು ಬೇಲಿ ತುಂಬಾ ಬಿಡುವ ಆ ಬಿಳಿ ಹೂ ಹಾಥಾರ್ನ್. ಒಳಗೆ ತಂದರೆ ಮನೆಯಲ್ಲಿ ಸಾವಾಗುತ್ತದೆ ಅನ್ನೋದು ಹಳಬರ ನಂಬಿಕೆ. ಒಮ್ಮೆ ಮೂಸಿ ನೋಡಿ, ಸಿಹಿಯ ಹಿಂದೆಯೇ ಒಂದು ಕೊಳೆತ ನಾತ ಬರುತ್ತದೆ. ಹೆಣ ಕೊಳೆಯುವಾಗ ಹುಟ್ಟುವ ಟ್ರೈಮೀಥೈಲಮೈನ್ ಅನ್ನೋ ರಾಸಾಯನಿಕ ಈ ಹೂವಿನಲ್ಲೂ ಇದೆ. ಸತ್ತವರನ್ನು ಮನೆಯಲ್ಲೇ ಮಲಗಿಸಿ ರಾತ್ರಿಯಿಡೀ ಕಾಯುತ್ತಿದ್ದ ಜನಕ್ಕೆ ಆ ವಾಸನೆ ಗೊತ್ತಿಲ್ಲದೆ ಇರುತ್ತಾ?

ಹೊಲದ ಮಧ್ಯೆ ಒಂಟಿಯಾಗಿ ನಿಂತ ಹಾಥಾರ್ನ್ ಅಂತೂ ಫೇರಿಗಳದ್ದು, ಕಡಿಯುವ ಹಾಗಿಲ್ಲ. ಇಲ್ಲಿನ ಫೇರಿ ಅಂದರೆ ಕಾರ್ಟೂನಿನ ರೆಕ್ಕೆ ಹುಡುಗಿ ಅಲ್ಲ, ಕೆಣಕಿದರೆ ಸುಮ್ನೆ ಬಿಡದ ಜನ. ಹುಣಸೆ ಮರದ ದೆವ್ವಕ್ಕೆ ಹೆದರಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? 1999ರಲ್ಲಿ ಕ್ಲೇರ್ ಕೌಂಟಿಯ ಲಟೂನಿನಲ್ಲಿ ಇಂಥದ್ದೇ ಒಂದು ಗಿಡ ಹೊಸ ರಸ್ತೆಗೆ ಅಡ್ಡ ಬಂತು. ಕಡಿದರೆ ಆ ರಸ್ತೆಗೇ ಒಳ್ಳೆಯದಾಗಲ್ಲ ಅಂತ ಕಥೆಗಾರ ಎಡ್ಡಿ ಲೆನಿಹನ್ ಪಟ್ಟು ಹಿಡಿದರು. ಗಿಡ ಉಳಿಯಿತು.

ಎಲ್ಲವೂ ಭಯದ ಮಾತಲ್ಲ. ಮೇ ತಿಂಗಳಲ್ಲಿ ಮೂರು ಸಲ ನೆಟಲ್ ಅನ್ನೋ ತುರಿಸುವ ಸೊಪ್ಪು ತಿಂದರೆ ರಕ್ತ ಶುದ್ಧಿ ಅನ್ನುತ್ತಿದ್ದರು. ಶುದ್ಧಿಯೋ ಇಲ್ಲವೋ, ಎಳೆ ಕುಡಿಯ ಬಸ್ಸಾರು ಮಾತ್ರ ಸೊಗಸು. ಕೈಗವಸು ಹಾಕಿಕೊಂಡು ಕೀಳಿ, ಬೇಯಿಸಿದರೆ ತುರಿಕೆ ಹೋಗುತ್ತದೆ. ಅಕ್ಟೋಬರ್ ಕೊನೆಯ ಹ್ಯಾಲೋವೀನ್ ಆದಮೇಲೆ ಬ್ಲ್ಯಾಕ್‌ಬೆರಿ ಮುಟ್ಟಬಾರದು, ಅದರ ಮೇಲೆ ಪೂಕ ಅನ್ನೋ ವೇಷ ಬದಲಿಸುವ ಭೂತ ಉಗುಳಿರುತ್ತಾನೆ ಅಂತಾರೆ. ಮಕ್ಕಳಿಗೆ ಈ ಕಥೆ ಬಹಳ ಇಷ್ಟ. ಅಷ್ಟು ಹೊತ್ತಿಗೆ ಹಣ್ಣು ಬೂಸ್ಟು ಹಿಡಿದಿರುತ್ತದೆ, ಅದು ಬೇರೆ ಮಾತು.

ಫಾಕ್ಸ್‌ಗ್ಲವ್ ವಿಷಯದಲ್ಲಿ ಮಾತ್ರ ಹುಷಾರು. ನೇರಳೆ ಗಂಟೆಯಂಥ ಹೂ, ಮಕ್ಕಳು ಬೆರಳಿಗೆ ಟೋಪಿ ಹಾಕಿ ಆಡುತ್ತಾರೆ. ಗಿಡ ಪೂರ್ತಿ ವಿಷ, ನೇರ ಹೃದಯಕ್ಕೆ ಹೊಡೆಯುತ್ತದೆ. ಮುಟ್ಟಿದ ಕೈ ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳಿ, ತಕ್ಷಣ ತೊಳೆಸಿ.

ಮಗಳಿಗೆ ಇನ್ನೂ ಕಥೆ ಬೇಕಂದರೆ ಐರ್ಲೆಂಡಿನ ಜಾನಪದ ಸಂಗ್ರಹವಿರುವ ಡೂಹಸ್ (duchas.ie) ಜಾಲತಾಣ ತೆರೆಯಿರಿ. 1937ರಿಂದ 1939ರವರೆಗೆ ಶಾಲಾ ಮಕ್ಕಳೇ ತಮ್ಮ ಊರಿನ ಹಿರಿಯರನ್ನು ಕೇಳಿ ಬರೆದ ನೋಟ್‌ಬುಕ್ಕುಗಳು ಅಲ್ಲಿವೆ. ನಿಮ್ಮ ಊರಿನ ಹೆಸರು ಹಾಕಿ ಹುಡುಕಿ. ಆ ಅಜ್ಜಿಯ ಶಾಲೆಯದ್ದೂ ಸಿಗಬಹುದು.