ಹ್ಯಾಮಕ್‌ನಲ್ಲಿ ನಾಲ್ಕು ಬಟ್ಟೆ ಹಾಕಿ ಮಲಗಿದರೂ ಬೆನ್ನಿಗೆ ಚಳಿ, ಏನು ಮಾಡೋದು?

ಕಣದಬದಿ:

ಎಲ್ಲರಿಗೂ ನಮಸ್ಕಾರ. ಹೋದ ಶನಿವಾರ ಕೊಡಗಿನ ಮಾದಾಪುರದ ಹತ್ತಿರ ನಮ್ಮ ಭಾವನ ತೋಟದಲ್ಲಿ ಹ್ಯಾಮಕ್ (ಎರಡು ಮರದ ನಡುವೆ ಕಟ್ಟುವ ಬಟ್ಟೆಯ ತೂಗುಹಾಸಿಗೆ) ಕಟ್ಟಿ ಮಲಗಿದ್ದೆ. ಕಾಫಿ ಕುಯ್ಲಿನ ಸಮಯ, ಮನೆ ತುಂಬಾ ನೆಂಟರು. ಒಳಗೆ ಜಾಗ ಇರಲಿಲ್ಲ ಅನ್ನೋದೂ ಒಂದು ಕಾರಣ ಅನ್ನಿ. ಗದ್ದೆ ಅಂಚಿನಲ್ಲಿ ಎರಡು ಸಿಲ್ವರ್ ಓಕ್ ಮರ ಸಿಕ್ಕಿತು, ಅಲ್ಲೇ ಕಟ್ಟಿದೆ.

ಹಾಕಿಕೊಂಡಿದ್ದು ಇಷ್ಟು: ಕಾಟನ್ ಬನಿಯನ್, ಟೀ ಶರ್ಟ್, ಸ್ವೆಟರ್, ಅದರ ಮೇಲೆ ದಪ್ಪ ಜಾಕೆಟ್. ಕೆಳಗೆ ಜೀನ್ಸ್, ಎರಡು ಜೊತೆ ಸಾಕ್ಸ್. ಸ್ಲೀಪಿಂಗ್ ಬ್ಯಾಗ್ ಬೇರೆ ಇತ್ತು, ಅದರ ಚೀಟಿಯಲ್ಲಿ 5 ಡಿಗ್ರಿ ಎಂದು ಬರೆದಿದೆ. ಬೆಳಗಿನ ಜಾವ ಥರ್ಮಾಮೀಟರ್ 11 ತೋರಿಸಿತು. ಲೆಕ್ಕದ ಪ್ರಕಾರ ಬೆಚ್ಚಗೆ ಇರಬೇಕಿತ್ತು, ಅಲ್ವಾ? ರಾತ್ರಿ ಒಂದೂವರೆಗೇ ಎಚ್ಚರವಾಯಿತು. ಎದೆ ಬೆಚ್ಚಗಿದೆ, ಬೆನ್ನಿಗೂ ಸೊಂಟಕ್ಕೂ ಐಸ್ ಇಟ್ಟ ಹಾಗೆ. ಮೂರು ಗಂಟೆಗೆ ಸೋತು, ಗೋಡೌನಿಗೆ ಹೋಗಿ ಖಾಲಿ ಗೋಣಿಚೀಲಗಳ ರಾಶಿ ಮೇಲೆ ಮಲಗಿದೆ. ವಿಚಿತ್ರ ಏನೆಂದರೆ, ಅದೇ ಬಟ್ಟೆಯಲ್ಲಿ ಅಲ್ಲಿ ಬೆವರು ಬಂತು!

ಇನ್ನೂ ದಪ್ಪ ಅಂತ ಥರ್ಮಲ್ (ಚಳಿಗೆ ಒಳಗೆ ಹಾಕುವ ಬಟ್ಟೆ) ತೆಗೆದುಕೊಳ್ಳಲೇ? ಏಪ್ರಿಲ್‌ನಲ್ಲಿ ಕುಶಾಲನಗರದ ಕಡೆ ಇನ್ನೊಂದು ಸಲ ಮಲಗುವ ಯೋಚನೆ ಇದೆ. ಆಗ ಏನು ಹಾಕಬೇಕು ಅಂತಲೂ ಹೇಳಿ.

ಬೆಟ್ಟಗಾಳಿ:

ಥರ್ಮಲ್ ಎರಡು ಜೊತೆ ಹಾಕಿ, ಮೇಲೆ ಇನ್ನೊಂದು ಸ್ವೆಟರ್ ಏರಿಸಿ. ನಾನು ಟೆಂಟ್‌ನಲ್ಲಿ ಹಾಗೇ ಮಾಡೋದು. ಮಂಕಿ ಕ್ಯಾಪ್ ಮರೀಬೇಡಿ.

ಹೂಮಳೆ:

ಮಂಕಿ ಕ್ಯಾಪ್ ಸರಿ. ಉಳಿದದ್ದು ಟೆಂಟಿಗೆ ಸರಿ, ಹ್ಯಾಮಕ್‌ಗೆ ಅಲ್ಲ.

ಅಣ್ಣ, ನಿಮ್ಮ ಉತ್ತರ ಆ ಗೋಣಿಚೀಲದಲ್ಲೇ ಇದೆ. ಬಟ್ಟೆ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ಅದರ ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡು ನಿಲ್ಲುತ್ತದೆ, ಆ ಗಾಳಿ ನಿಮ್ಮ ಮೈಬಿಸಿಯನ್ನು ಹೊರಗೆ ಬಿಡುವುದಿಲ್ಲ, ಅಷ್ಟೇ. ಹ್ಯಾಮಕ್‌ನಲ್ಲಿ ಮಲಗಿದಾಗ ನಿಮ್ಮ ಪೂರ್ತಿ ಭಾರ ಬೆನ್ನ ಕೆಳಗಿನ ಜಾಕೆಟ್ ಮೇಲೆ, ಸ್ಲೀಪಿಂಗ್ ಬ್ಯಾಗ್ ಮೇಲೆ ಬೀಳುತ್ತದೆ. ಎಲ್ಲ ಹಪ್ಪಳದ ಹಾಗೆ ಚಪ್ಪಟೆ. ಅದರ ಕೆಳಗೆ ಒಂದು ಪದರ ತೆಳ್ಳನೆ ನೈಲಾನ್. ಅದರ ಕೆಳಗೆ ಬರೀ ಗಾಳಿ, ಅದೂ ಬೀಸುತ್ತಲೇ ಇರುವ ಗಾಳಿ. ಎಷ್ಟು ಸ್ವೆಟರ್ ಹಾಕಿದರೂ ಬೆನ್ನಿನ ಭಾಗ ಚಪ್ಪಟೆಯಾಗಿಯೇ ಇರುತ್ತದೆ. ಗೋಡೌನಿನಲ್ಲಿ ಗೋಣಿ ರಾಶಿ ಕೆಳಗಿನ ಚಳಿ ತಡೆಯಿತು, ಮೇಲಿನ ಬಟ್ಟೆ ಜಾಸ್ತಿಯಾಯಿತು, ಬೆವರಿತು.

ಹಾಗಾಗಿ ಥರ್ಮಲ್‌ಗೆ ದುಡ್ಡು ಹಾಕುವ ಮೊದಲು ಕೆಳಗಡೆ ನೋಡಿ. ಎರಡು ದಾರಿ ಇದೆ. ಒಂದು ಅಂಡರ್‌ಕ್ವಿಲ್ಟ್. ಅಂದರೆ ಹ್ಯಾಮಕ್‌ನ ಹೊರಗೆ, ಬೆನ್ನಿನ ಕೆಳಗೆ ತೂಗುಹಾಕುವ ರಜಾಯಿ. ನಿಮ್ಮ ಭಾರ ಅದರ ಮೇಲೆ ಬೀಳದ ಕಾರಣ ಉಬ್ಬಿಕೊಂಡೇ ಇರುತ್ತದೆ. ಬೆನ್ನಿಗೂ ಅದಕ್ಕೂ ನಡುವೆ ಸಂದು ಇರಬಾರದು, ಹಾಗಂತ ಎಳೆದು ಬಿಗಿಯಲೂಬಾರದು. ಆದರೆ ಬೆಲೆ ಜಾಸ್ತಿ. ಇನ್ನೊಂದು, ಸಾದಾ ಫೋಮ್ ಮ್ಯಾಟ್, ಸುರುಳಿ ಸುತ್ತಿ ಬ್ಯಾಗಿಗೆ ಕಟ್ಟಿಕೊಳ್ಳುತ್ತಾರಲ್ಲ, ಅದೇ. ಭಾರ ಬಿದ್ದರೂ ಅದು ಜಾಕೆಟ್‌ನ ಹಾಗೆ ಅಪ್ಪಚ್ಚಿಯಾಗುವುದಿಲ್ಲ. ಹ್ಯಾಮಕ್ ಮೇಲೆ ಸುಮ್ನೆ ಹಾಸಿದರೆ ರಾತ್ರಿಯಿಡೀ ಜಾರುತ್ತದೆ. ಸ್ಲೀಪಿಂಗ್ ಬ್ಯಾಗ್ ಒಳಗೇ ತೂರಿಸಿ, ಅದರ ಮೇಲೆ ಮಲಗಿ.

ನಾನು ಮೊದಲ ಸಲ ಮನೆಯ ಕುರಿ ಕಂಬಳಿಯನ್ನೇ ಮಡಚಿ ಹಾಕಿದ್ದೆ. ಕೆಲಸ ಮಾಡುತ್ತದೆ. ಹೊತ್ತುಕೊಂಡು ನಡೆಯುವುದು ಮಾತ್ರ ಶಿಕ್ಷೆ.

ಇನ್ನು ಬಟ್ಟೆ. ಜೀನ್ಸ್ ಬೇಡವೇ ಬೇಡ. ಹಗಲೆಲ್ಲ ತೋಟದಲ್ಲಿ ಓಡಾಡಿದ ಕಾಟನ್ ಬನಿಯನ್ ಬೆವರು ಕುಡಿದಿರುತ್ತದೆ, ಒಣಗಿದೆ ಅನ್ನಿಸಿದರೂ ಒಳಗೆ ಥಂಡಿ ಇರುತ್ತದೆ. ಆ ತೇವ ಆರಲು ನಿಮ್ಮ ಮೈಬಿಸಿಯೇ ಖರ್ಚಾಗಬೇಕು. ಮಲಗಲೆಂದೇ ಒಂದು ಜೊತೆ ಬಟ್ಟೆ ಬೇರೆ ಇಡಿ: ಉಣ್ಣೆಯದೋ ಪಾಲಿಯೆಸ್ಟರ್‌ದೋ ತುಂಬುತೋಳಿನ ಬನಿಯನ್, ಹಾಗೇ ಒಂದು ಪ್ಯಾಂಟ್, ಸಡಿಲವಾದ ಉಣ್ಣೆ ಸಾಕ್ಸ್. ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿಟ್ಟು, ಹ್ಯಾಮಕ್ ಹತ್ತುವ ಮೊದಲಷ್ಟೇ ಬದಲಾಯಿಸಿ. ಎರಡು ಜೊತೆ ಸಾಕ್ಸ್ ಕಾಲು ಬಿಗಿದರೆ ರಕ್ತ ಓಡಾಡದೆ ಪಾದ ಇನ್ನೂ ತಣ್ಣಗಾಗುತ್ತದೆ. ಜಾಕೆಟ್ ಹಾಕಿಕೊಳ್ಳಬೇಡಿ, ಎದೆ ಮೇಲೆ ಹೊದ್ದುಕೊಳ್ಳಿ, ಉಬ್ಬು ಉಳಿಯುತ್ತದೆ.

ಒಂದು ಮಾತು ಬಿಟ್ಟೆ. ಚೀಟಿಯಲ್ಲಿ ಬರೆದ ಆ 5 ಡಿಗ್ರಿ ಕಂಫರ್ಟೋ (ಆರಾಮಾಗಿ ನಿದ್ದೆ ಬರುವಷ್ಟು ಚಳಿ) ಲಿಮಿಟ್ಟೋ (ಹೇಗೋ ತಡೆದುಕೊಳ್ಳುವಷ್ಟು ಚಳಿ) ನೋಡಿದ್ರಾ?

ಕಣದಬದಿ:

ಈಗ ನೋಡಿದೆ. ಲಿಮಿಟ್ 5, ಕಂಫರ್ಟ್ 10. ಅಂಗಡಿಯವರು ದೊಡ್ಡಕ್ಷರದ್ದನ್ನು ಮಾತ್ರ ತೋರಿಸಿದ್ದರು.

ಹೂಮಳೆ:

ಹಾಗಾದರೆ 11 ಡಿಗ್ರಿಯಲ್ಲಿ ನೀವು ಅಂಚಿನಲ್ಲೇ ಇದ್ರಿ. ಕೊಳ್ಳುವಾಗ ಕಂಫರ್ಟ್ ಸಂಖ್ಯೆ ನೋಡಿ. ಅದೂ ಕೆಳಗೆ ಮ್ಯಾಟ್ ಇದೆ ಎಂದುಕೊಂಡು ಹೇಳುವ ಲೆಕ್ಕ.

ಗದ್ದೆಮನೆ:

ಬಟ್ಟೆ ವಿಷಯ ಅಕ್ಕ ಚೆನ್ನಾಗಿ ಹೇಳಿದ್ದಾರೆ. ಗದ್ದೆ ಅಂಚಿನಲ್ಲಿ ಕಟ್ಟಿದ್ದೂ ಒಂದು ತಪ್ಪು. ಗಾಳಿ ಇಲ್ಲದ ತಿಳಿ ಆಕಾಶದ ರಾತ್ರಿ ತಣ್ಣನೆ ಗಾಳಿ ಭಾರವಾಗಿ ಇಳಿಜಾರಲ್ಲಿ ಹರಿದು ಗದ್ದೆಗೆ ಬಂದು ನಿಲ್ಲುತ್ತದೆ, ಬೆಳಿಗ್ಗೆ ಮಂಜು ಕೂತಿರುವುದೂ ಅಲ್ಲೇ. ತೋಟದಲ್ಲಿ ಇಪ್ಪತ್ತು ಮೂವತ್ತು ಅಡಿ ಮೇಲೆ ಹೋದರೂ ವ್ಯತ್ಯಾಸ ಗೊತ್ತಾಗುತ್ತದೆ. ಇಬ್ಬನಿಗೆ ಮೇಲೊಂದು ಟಾರ್ಪಾಲು ಕಟ್ಟಿ. ಆನೆ ಓಡಾಡುವ ತೋಟವಾದರೆ ಹೊರಗೆ ಮಲಗುವ ಮಾತೇ ಬೇಡ.

ಎತ್ತರದ ಲೆಕ್ಕವೂ ತಲೆಯಲ್ಲಿರಲಿ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಮಡಿಕೇರಿ ಸುಮಾರು 1,150 ಮೀಟರ್, ತಡಿಯಂಡಮೋಳ್ ಬೆಟ್ಟದ ತುದಿ 1,748. ಊರಲ್ಲಿ 12 ಇದ್ದರೆ ತುದಿಯಲ್ಲಿ 8 ಎಂದುಕೊಳ್ಳಿ, ಜೊತೆಗೆ ಗಾಳಿ. ಅಲ್ಲಿ ಹೋಗಿ ಮಲಗಿ ಅಂತ ಹೇಳುತ್ತಿಲ್ಲ, ಅರಣ್ಯ ಇಲಾಖೆ ಅನುಮತಿ ಇಲ್ಲದೆ ಕಾಡಿನಲ್ಲಿ ರಾತ್ರಿ ತಂಗುವಂತಿಲ್ಲ.

ಹೂಮಳೆ:

ಏಪ್ರಿಲ್ ಪ್ರಶ್ನೆ ಬಾಕಿ ಇತ್ತು. ಕುಶಾಲನಗರ ಮಡಿಕೇರಿಗಿಂತ ತಗ್ಗು, ಸೆಕೆಯೂ ಜಾಸ್ತಿ. ಮಲಗುವಾಗ ಲುಂಗಿ ಬನಿಯನ್ ಸಾಕು ಅನ್ನಿಸುತ್ತದೆ. ಅಲ್ಲೇ ಮೋಸ ಹೋಗೋದು. ರಾತ್ರಿ 20 ಡಿಗ್ರಿಗೆ ಬಂದರೂ ಹ್ಯಾಮಕ್‌ನಲ್ಲಿ ನಾಲ್ಕು ಗಂಟೆ ಹೊತ್ತಿಗೆ ಬೆನ್ನು ಥಂಡಿಯಾಗುತ್ತದೆ. ಮ್ಯಾಟ್ ಬಿಡಬೇಡಿ. ಅದರಿಂದ ಇನ್ನೊಂದು ಲಾಭ: ಸೊಳ್ಳೆ ತೆಳ್ಳನೆ ನೈಲಾನ್ ಮೂಲಕ ಕೆಳಗಿನಿಂದ ಕಚ್ಚುತ್ತದೆ, ಮ್ಯಾಟ್ ಇದ್ದರೆ ಆಗುವುದಿಲ್ಲ. ಮೇಲೆ ತೆಳುವಾದ, ಸಡಿಲವಾದ ತುಂಬುತೋಳಿನ ಅಂಗಿ, ಪೂರ್ತಿ ಪ್ಯಾಂಟ್, ಒಂದು ಹೊದಿಕೆ. ಸ್ಲೀಪಿಂಗ್ ಬ್ಯಾಗ್‌ನ ಜಿಪ್ ತೆರೆದು ಕಾಲಿಗೆ ಮಾತ್ರ ಹಾಕಿಕೊಂಡರೂ ಆಗುತ್ತದೆ. ಸಂಜೆ ಮಳೆ ಬಂದರೆ ನೀರು ಮರದಿಂದ ಹ್ಯಾಮಕ್ ಕಟ್ಟಿದ ಪಟ್ಟಿ ಹಿಡಿದು ಇಳಿದು ಹ್ಯಾಮಕ್‌ಗೇ ಬರುತ್ತದೆ. ಪಟ್ಟಿಗೆ ಒಂದು ಗೇಣು ದಾರ ಕಟ್ಟಿ ಇಳಿಬಿಡಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ.

15ರಿಂದ 20 ಇದ್ದರೆ ಮ್ಯಾಟ್, ಒಂದು ಜೊತೆ ಒಣ ಬಟ್ಟೆ, ಸಾಕ್ಸ್. 10ರ ಹತ್ತಿರ ಬಂದರೆ ಟೋಪಿ, ಸ್ವೆಟರ್, ಮಲಗುವ ಮುಂಚೆ ಹೊಟ್ಟೆ ತುಂಬಾ ಊಟ. ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಸಾಕ್ಸ್‌ನಲ್ಲಿ ತೂರಿಸಿ ಕಾಲ ಬಳಿ ಇಟ್ಟುಕೊಂಡರೆ ಸ್ವರ್ಗ. ಮುಚ್ಚಳ ಬಿಗಿ ಇರಲಿ, ನಾನು ಒಮ್ಮೆ ಹಾಸಿಗೆ ಒದ್ದೆ ಮಾಡಿಕೊಂಡವಳು. ಮುಖವನ್ನು ಬ್ಯಾಗ್ ಒಳಗೆ ಎಳೆದುಕೊಳ್ಳಬೇಡಿ, ಉಸಿರಿನ ತೇವವೆಲ್ಲ ಒಳಗೇ ಉಳಿಯುತ್ತದೆ.

ಬೆಟ್ಟಗಾಳಿ:

ಮಳೆಗಾಲಕ್ಕೆ?

ಗದ್ದೆಮನೆ:

ಜುಲೈನಲ್ಲಿ ಒಲೆ ಮೇಲೆ ನೇತುಹಾಕಿದ ಬಟ್ಟೆಯೇ ಒಣಗುವುದಿಲ್ಲ, ನೀವು ಹ್ಯಾಮಕ್ ಅಂತೀರಲ್ಲ ಗುರು! ಮಲಗಲೇಬೇಕಿದ್ದರೆ ಮನೆ ಜಗಲಿಯಲ್ಲಿ ಕಟ್ಟಿ. ಹತ್ತುವ ಮೊದಲು ಸಾಕ್ಸ್ ಬಿಚ್ಚಿ ಜಿಗಣೆ ನೋಡಿಕೊಳ್ಳಿ.

ಕಣದಬದಿ: (ಎರಡು ವಾರದ ನಂತರ)

ಮಾಡಿ ನೋಡಿದೆ. ಅದೇ ತೋಟ, ಗದ್ದೆಯಿಂದ ಮೇಲೆ, ಬ್ಯಾಗ್ ಒಳಗೆ ಫೋಮ್ ಮ್ಯಾಟ್, ಒಣ ಉಣ್ಣೆ ಬನಿಯನ್, ಒಂದೇ ಜೊತೆ ಸಾಕ್ಸ್. ಥರ್ಮಾಮೀಟರ್ 12. ಐದೂವರೆವರೆಗೆ ನಿದ್ದೆ! ಸ್ವೆಟರ್ ತೆಗೆದೇ ಇಟ್ಟೆ. ಭುಜ ಮಾತ್ರ ಎರಡೂ ಕಡೆ ತಣ್ಣಗಿತ್ತು, ಮ್ಯಾಟ್ ಅಗಲ ಸಾಲಲಿಲ್ಲ.

ಹೂಮಳೆ:

ಹ್ಯಾಮಕ್ ಎರಡೂ ಕಡೆಯಿಂದ ಭುಜಕ್ಕೆ ಸುತ್ತಿಕೊಳ್ಳುತ್ತದೆ, ಅದಕ್ಕೇ. ಹಳೆ ಮ್ಯಾಟಿನ ಎರಡಡಿ ತುಂಡು ಕತ್ತರಿಸಿ ಭುಜದ ಕೆಳಗೆ ಅಡ್ಡ ಹಾಕಿ. ಹ್ಯಾಮಕ್ ಸ್ವಲ್ಪ ಸಡಿಲ ಕಟ್ಟಿ, ಓರೆಯಾಗಿ ಮಲಗಿ. ಬೆನ್ನು ನೆಟ್ಟಗಾಗುತ್ತದೆ, ಭುಜದ ಮೇಲಿನ ಒತ್ತಡವೂ ಕಡಿಮೆ.

ಕಣದಬದಿ:

ಸರಿ ಅಕ್ಕ, ಮುಂದಿನ ವಾರವೇ ಮಾಡುತ್ತೇನೆ. ಮರ ಮಾತ್ರ ಬೇರೆ ಹುಡುಕಬೇಕು. ಕತ್ತಲಲ್ಲಿ ನೋಡದೆ ಕಾಳುಮೆಣಸಿನ ಬಳ್ಳಿ ಮೇಲೇ ಪಟ್ಟಿ ಬಿಗಿದುಬಿಟ್ಟಿದ್ದೆ. ಭಾವ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.